ನುಚ್ಚಕ್ಕಿಗೆ ದಕ್ಕಿದ ಮಾನ



2017ರ ಮೇ ತಿಂಗಳಲ್ಲಿ ನೈಜೀರಿಯಾದ ಅಂದಿನ ಮಾಹಿತಿ ಸಚಿವ ಲಾಯ್ ಮೊಹಮ್ಮದ್ ಅವರಿಗೆ ಸಿಎನ್ಎನ್ ವಾಹಿನಿಯ ಸಂದರ್ಶನದಲ್ಲಿ ಒಂದು ಪ್ರಶ್ನೆ ಎದುರಾಯಿತು. ಜೊಲೊಫ್ ಅನ್ನವನ್ನು ಎಲ್ಲರಿಗಿಂತ ಚೆನ್ನಾಗಿ ಮಾಡುವ ದೇಶ ಯಾವುದು? ಸಚಿವರು ‘ಸೆನೆಗಲ್’ ಎಂದುಬಿಟ್ಟರು. ಅಷ್ಟೇ ಸಾಕಾಯಿತು. ಲಾಗೋಸಿನಲ್ಲಿದ್ದವರೂ ಲಂಡನ್ನಿನಲ್ಲಿದ್ದವರೂ ಒಟ್ಟಿಗೆ ಸಿಡಿದೆದ್ದರು. ಸ್ವಂತ ದೇಶದ ಮಂತ್ರಿಯೇ ಮನೆಯ ಅನ್ನವನ್ನು ಬಿಟ್ಟುಕೊಟ್ಟನೆಂಬ ನೋವು ಅವರದು. ಸಚಿವರು ಸಮಜಾಯಿಷಿ ಹೇಳಬೇಕಾಯಿತು.

ಒಂದು ಅನ್ನದ ಮಾತಿಗೆ ಸರ್ಕಾರದ ಮಂತ್ರಿ ತಲೆ ತಗ್ಗಿಸಬೇಕಾದರೆ ಆ ಅನ್ನ ಎಂಥದ್ದಿರಬೇಕು?

ನೋಡಿದರೆ ಅದು ಕೆಂಪು ಅನ್ನ. ಟೊಮೆಟೊ, ಈರುಳ್ಳಿ, ಮೆಣಸಿನಕಾಯಿಗಳನ್ನು ಎಣ್ಣೆಯಲ್ಲಿ ಚೆನ್ನಾಗಿ ಬಾಡಿಸಿ, ಮೀನೋ ಮಾಂಸವೋ ಬೆಂದ ರಸ ಹಾಕಿ, ಅದರಲ್ಲೇ ಅಕ್ಕಿ ಬೇಯಿಸುತ್ತಾರೆ. ಕನ್ನಡದವರಿಗೆ ಕೂಡಲೇ ಟೊಮೆಟೊ ಬಾತ್ ನೆನಪಾಗುತ್ತದೆ. ಹೋಲಿಕೆ ಬಣ್ಣದವರೆಗೆ ಸರಿ, ಅದರಾಚೆಗೆ ದಾರಿ ಬೇರೆಯಾಗುತ್ತದೆ. ಇಲ್ಲಿ ಚಕ್ಕೆ ಲವಂಗ ಮಾಡುವ ಕೆಲಸವನ್ನು ಅಲ್ಲಿ ಒಣಮೀನು, ಹುದುಗಿಸಿದ ಕಾಳು, ಕಟ್ಟಿಗೆಯ ಹೊಗೆ ಮಾಡುತ್ತವೆ. ಅಟ್ಲಾಂಟಿಕ್ ಕರಾವಳಿಯ ಸೆನೆಗಲ್‌ನಿಂದ ಗಿನಿ ಕೊಲ್ಲಿಯ ಕ್ಯಾಮರೂನ್‌ವರೆಗೆ, ಸಾವಿರಾರು ಕಿಲೋಮೀಟರ್ ಉದ್ದಕ್ಕೆ ಈ ಅಡುಗೆ ಬೇರೆ ಬೇರೆ ಹೆಸರು ಹೊತ್ತು ಬದುಕುತ್ತಿದೆ. ಗ್ಯಾಂಬಿಯಾದಲ್ಲಿ ಇದು ಬೆನಾಚಿನ್. ವೊಲೊಫ್ ಭಾಷೆಯಲ್ಲಿ ಹಾಗೆಂದರೆ ‘ಒಂದೇ ಗಡಿಗೆ’. ಉತ್ತರ ನೈಜೀರಿಯಾದ ಹೌಸಾ ಜನ ಇದನ್ನು ದಫಾ-ದುಕಾ ಎನ್ನುತ್ತಾರೆ, ಅಂದರೆ ‘ಎಲ್ಲವನ್ನೂ ಕೂಡಿ ಬೇಯಿಸಿದ್ದು’. ಮಾಲಿಯಲ್ಲಿ ಜಾಮೆ. ಫ್ರೆಂಚ್ ಆಡುವ ಐವರಿ ಕೋಸ್ಟ್, ಬುರ್ಕಿನಾ ಫಾಸೊಗಳಲ್ಲಿ ರೀ ಗ್ರಾ, ‘ಜಿಡ್ಡಿನ ಅನ್ನ’. ನೈಜೀರಿಯಾ, ಘಾನಾ, ಸಿಯೆರಾ ಲಿಯೋನ್, ಲೈಬೀರಿಯಾಗಳಲ್ಲಿ ಜೊಲೊಫ್.

ಆ ಹೆಸರು ಒಂದು ರಾಜ್ಯದ್ದು. ಈಗಿನ ಸೆನೆಗಲ್ ನೆಲದಲ್ಲಿ 14ನೆಯ ಶತಮಾನದಲ್ಲಿ ಬಲಿತ ಜೊಲೊಫ್ ಸಾಮ್ರಾಜ್ಯ ವೊಲೊಫ್ ಜನರದು. 1549ರಲ್ಲಿ ಡಂಕಿ ಎಂಬಲ್ಲಿ ನಡೆದ ಕಾಳಗದಲ್ಲಿ ಅದರ ಸಾಮಂತ ರಾಜ್ಯವಾದ ಕಾಯೊರ್ ತಿರುಗಿಬಿದ್ದು ಗೆದ್ದಿತು, ಸಾಮ್ರಾಜ್ಯ ಚೂರುಚೂರಾಯಿತು. ರಾಜ್ಯ ಹೋದರೂ ಹೆಸರು ಅನ್ನದ ಮೇಲೆ ಉಳಿಯಿತು. ಆದರೆ ಹೆಸರು ಪಯಣಿಸಿದ ದಾರಿಯಲ್ಲೇ ಅಡುಗೆಯೂ ಪಯಣಿಸಿತೆಂದು ಹೇಳುವಂತಿಲ್ಲ. ಆಫ್ರಿಕದ ಆಹಾರ ಚರಿತ್ರೆ ಬರೆದ ಜೇಮ್ಸ್ ಮೆಕ್ಯಾನ್ ಇದರ ಹರಡುವಿಕೆಯನ್ನು ಮಾಲಿ ಸಾಮ್ರಾಜ್ಯದ ದ್ಯೂಲಾ ವರ್ತಕರ ಜೊತೆ ಕೂಡಿಸುತ್ತಾರೆ. ಕಮ್ಮಾರಿಕೆ, ಸಣ್ಣ ವ್ಯಾಪಾರ, ಭತ್ತದ ಬೇಸಾಯ ಇವನ್ನೆಲ್ಲ ಹೊತ್ತು ಊರೂರಿಗೆ ಹೋಗಿ ನೆಲೆಸಿದವರು ಈ ದ್ಯೂಲಾಗಳು. ಅಡುಗೆಗಳು ಸೈನ್ಯದ ಜೊತೆ ಹರಡುವುದಕ್ಕಿಂತ ಸಂತೆಯ ಜೊತೆ ಹರಡುವುದೇ ಹೆಚ್ಚು. ಆದ್ದರಿಂದ ಮೆಕ್ಯಾನರ ಮಾತು ನಂಬುವಂತಿದೆ.

ಪಶ್ಚಿಮ ಆಫ್ರಿಕಕ್ಕೆ ಅಕ್ಕಿ ಹೊರಗಿನಿಂದ ಬಂದದ್ದು ಎಂದು ತಿಳಿದವರಿದ್ದಾರೆ. ಅದು ತಪ್ಪು. ಏಷ್ಯಾದ ಭತ್ತವೂ ಆಫ್ರಿಕದ ಭತ್ತವೂ ಬೇರೆ ಬೇರೆ ಪ್ರಭೇದಗಳು. ಒರೈಜಾ ಗ್ಲಾಬೆರ್ರಿಮಾ ಎಂಬ ಆಫ್ರಿಕದ ಭತ್ತವನ್ನು ಸುಮಾರು 3,000 ವರ್ಷಗಳ ಹಿಂದೆ, ಈಗಿನ ಮಾಲಿಯಲ್ಲಿ ನೈಜರ್ ನದಿ ಹರಡಿಕೊಳ್ಳುವ ಒಳನಾಡಿನ ಮುಖಜಭೂಮಿಯಲ್ಲಿ ಅಲ್ಲಿನವರೇ ಪಳಗಿಸಿದರು. ಮೊರಾಕೊದ ಪಯಣಿಗ ಇಬ್ನ್ ಬತೂತಾ 1352ರಲ್ಲಿ ಮಾಲಿಗೆ ಹೋದಾಗ ದಾರಿಯ ಹಳ್ಳಿಗಳಲ್ಲಿ ಹೆಂಗಸರು ಹಾಲು, ಕೋಳಿ, ಅಕ್ಕಿ, ಫೋನಿಯೊ ಎಂಬ ಸಣ್ಣ ಧಾನ್ಯ ಮಾರುವುದನ್ನು ಕಂಡ. ಅದಕ್ಕೆ ಕೆಲವು ವರ್ಷ ಮುಂಚೆ ಇದೇ ಮನುಷ್ಯ ನಮ್ಮ ಹೊನ್ನಾವರದಲ್ಲಿ ತಿಂಗಳುಗಟ್ಟಲೆ ತಂಗಿದ್ದ. ರೊಟ್ಟಿ ಕಾಣದೆ ಬರೀ ಅನ್ನ ಉಂಡು ಸಾಕಾಯಿತೆಂದು ಬರೆದವನು ಅವನು. ಹೊನ್ನಾವರದ ಅನ್ನವನ್ನೂ ಮಾಲಿಯ ಅಕ್ಕಿಯನ್ನೂ ಒಂದೇ ಜನ್ಮದಲ್ಲಿ ಕಂಡು ಬರೆದಿಟ್ಟವರು 14ನೆಯ ಶತಮಾನದಲ್ಲಿ ಇನ್ನೆಷ್ಟು ಮಂದಿ ಇದ್ದಾರು!

ಆದರೆ ಇಬ್ನ್ ಬತೂತಾ ಕಂಡ ಗಡಿಗೆಗಳಲ್ಲಿ ಟೊಮೆಟೊದ ಕೆಂಪು ಬಣ್ಣ ಇರಲು ಸಾಧ್ಯವೇ ಇರಲಿಲ್ಲ. ಟೊಮೆಟೊವೂ ಮೆಣಸಿನಕಾಯಿಯೂ ಆಗ ಅಮೆರಿಕ ಖಂಡವನ್ನು ದಾಟಿರಲಿಲ್ಲ. 15ನೆಯ ಶತಮಾನದ ನಡುವಿನಲ್ಲಿ ಪೋರ್ಚುಗೀಸರ ಹಡಗುಗಳು ಸೆನೆಗಲ್ ನದಿಯ ಬಾಯಿಗೆ ಬಂದವು. ಅಮೆರಿಕದ ದಾರಿ ತೆರೆದ ಮೇಲೆ ಮೆಣಸಿನಕಾಯಿ, ಟೊಮೆಟೊ, ಮರಗೆಣಸು, ಕಡಲೆಕಾಯಿಗಳು ಒಂದೊಂದಾಗಿ ಆ ಕರಾವಳಿಯಲ್ಲಿ ಇಳಿದವು. ಮರಗೆಣಸಾಗಲಿ ಕಡಲೆಕಾಯಿ ಎಣ್ಣೆಯಾಗಲಿ ಇಲ್ಲದೆ ಇಂದು ಸೆನೆಗಲ್‌ನ ಅಡುಗೆಯನ್ನು ಊಹಿಸುವುದಕ್ಕೇ ಆಗದು.

ಇಲ್ಲಿಂದ ಮುಂದಿನದು ನುಚ್ಚಕ್ಕಿಯ ಕಥೆ. ಈ ಉಪನ್ಯಾಸಕ್ಕೆ ಹೆಸರು ಬಂದದ್ದೂ ಅದರಿಂದಲೇ.

ಸೆನೆಗಲ್ ನದಿ ಕಡಲು ಸೇರುವಲ್ಲಿ ಒಂದು ಕಿರಿದಾದ ದ್ವೀಪವಿದೆ. ಫ್ರೆಂಚರು 1659ರಲ್ಲಿ ಅಲ್ಲಿ ಸೇಂಟ್ ಲೂಯಿ ಪಟ್ಟಣ ಕಟ್ಟಿದರು. 19ನೆಯ ಶತಮಾನದಲ್ಲಿ ಅವರಿಗೆ ಸೆನೆಗಲ್‌ನಿಂದ ಬೇಕಾದದ್ದು ಕಡಲೆಕಾಯಿ. ಯುರೋಪಿನ ಎಣ್ಣೆ ಗಾಣಗಳಿಗೆ, ಸಾಬೂನು ಕಾರ್ಖಾನೆಗಳಿಗೆ ಅದು ಹೋಗುತ್ತಿತ್ತು. 1885ರಲ್ಲಿ ಡಕಾರ್‌ನಿಂದ ಸೇಂಟ್ ಲೂಯಿಗೆ ರೈಲು ಹಾಕಿದ ಮೇಲೆ ಹಳಿಯ ಎರಡೂ ಬದಿ ಕಡಲೆಕಾಯಿ ಹೊಲವಾಯಿತು. ರೈತ ಸಜ್ಜೆ ಬಿತ್ತುತ್ತಿದ್ದ ಹೊಲಕ್ಕೆ ಕಡಲೆಕಾಯಿ ಹಾಕಿದ. ಹೊಟ್ಟೆಗೆ? ಅದಕ್ಕೂ ಫ್ರೆಂಚರ ಬಳಿ ಸರಕಿತ್ತು. ವಿಯೆಟ್ನಾಮಿನ ಸೈಗಾನ್ ಅವರ ಕೈಯಲ್ಲಿತ್ತು. ಅಲ್ಲಿನ ಗಿರಣಿಗಳಲ್ಲಿ ಇಡೀ ಅಕ್ಕಿ ಆರಿಸಿ ತೆಗೆದ ಮೇಲೆ ಉಳಿಯುವ ನುಚ್ಚು ರಾಶಿ ಬೀಳುತ್ತಿತ್ತು. ಯುರೋಪಿನ ಮೇಜಿಗೆ ಬೇಡವಾದ ಆ ನುಚ್ಚು ಹಡಗು ತುಂಬಿ ಸೆನೆಗಲ್‌ಗೆ ಬಂತು. ಒಂದು ವಸಾಹತಿನ ಕಸವನ್ನು ಇನ್ನೊಂದು ವಸಾಹತಿನ ಊಟಕ್ಕೆ ಕಳಿಸುವ ಲೆಕ್ಕಾಚಾರ ಇದು. ಇದನ್ನು ಅನ್ಯಾಯವೆಂದೇ ಕರೆಯಬೇಕು.

ನುಚ್ಚಿನ ಬೆಲೆ ನಮಗೆ ಗೊತ್ತು. ನಮ್ಮ ಮನೆಗಳಲ್ಲಿ ನುಚ್ಚಕ್ಕಿ ಕೋಳಿಗೆ, ಹಿಟ್ಟಿಗೆ, ಬಡತನದ ದಿನಗಳ ಗಂಜಿಗೆ. ಅದನ್ನು ಬಂದ ನೆಂಟರಿಗೆ ಬಡಿಸಿದರೆ ಅವಮಾನವೆಂದು ತಿಳಿಯುವವರು ನಾವು. ಸೇಂಟ್ ಲೂಯಿಯ ಹೆಂಗಸರು ಮಾಡಿದ್ದು ಇದಕ್ಕೆ ಉಲ್ಟಾ. ನುಚ್ಚಿಗೆ ಇರುವ ಗುಣವೊಂದನ್ನು ಅವರು ಕಂಡುಕೊಂಡರು. ಮುರಿದ ಅಕ್ಕಿಗೆ ಮುಖ ಹೆಚ್ಚು, ಆದ್ದರಿಂದ ಅದು ರಸವನ್ನು ಇಡೀ ಅಕ್ಕಿಗಿಂತ ಬೇಗ, ಹೆಚ್ಚಾಗಿ ಹೀರುತ್ತದೆ. ಮೀನಿನ ಸಾರ, ಟೊಮೆಟೊದ ಹುಳಿ, ಎಣ್ಣೆಯ ಜಿಡ್ಡು ಎಲ್ಲವೂ ಕಾಳಿನ ಒಳಗೇ ಇಳಿಯುತ್ತವೆ. ಈಗ ಡಕಾರ್‌ನ ಅಂಗಡಿಯಲ್ಲಿ ಇಡೀ ಅಕ್ಕಿ, ನುಚ್ಚಕ್ಕಿ ಎರಡನ್ನೂ ಇಟ್ಟರೆ ಗೃಹಿಣಿಯ ಕೈ ನುಚ್ಚಕ್ಕಿಗೇ ಹೋಗುತ್ತದೆ. ಬಡವರೂ ಶ್ರೀಮಂತರೂ ಅದನ್ನೇ ಬೇಡುತ್ತಾರೆ.

ಆ ನುಚ್ಚಿನಿಂದ ಆಗುವ ಅಡುಗೆಯ ಹೆಸರು ಚೆಬು ಜೆನ್. ಚೆಬ್ ಎಂದರೆ ಅನ್ನ, ಜೆನ್ ಎಂದರೆ ಮೀನು. ಮಾಂಸ ಹಾಕಿದರೆ ಚೆಬು ಯಾಪ್. ಮಾಡುವ ಕ್ರಮಕ್ಕೆ ಅವಸರ ಸಲ್ಲದು. ಪಾರ್ಸ್ಲಿ ಸೊಪ್ಪು, ಬೆಳ್ಳುಳ್ಳಿ, ಮೆಣಸಿನಕಾಯಿಗಳನ್ನು ಕುಟ್ಟಣಿಯಲ್ಲಿ ಅರೆದು ‘ರೋಫ್’ ಎಂಬ ಮಸಾಲೆ ಮಾಡಿ, ದಪ್ಪ ಮೀನಿನ ತುಂಡುಗಳಲ್ಲಿ ಗುಳಿ ಕೊರೆದು ತುಂಬುತ್ತಾರೆ. ಮೆಚ್ಚಿನ ಮೀನು ಚೋಫ್. ಕಡಲಲ್ಲಿ ಅತಿಯಾಗಿ ಹಿಡಿದು ಹಿಡಿದು ಅದು ಈಗ ಅಪರೂಪವಾಗಿದೆ, ಸಾಮಾನ್ಯ ಮನೆಗಳು ಬೇರೆ ಮೀನುಗಳಿಗೆ ಹೊರಳಿವೆ. ಮೀನನ್ನು ಕಡಲೆಕಾಯಿ ಎಣ್ಣೆಯಲ್ಲಿ ಕೆಂಪಗೆ ಹುರಿದು ತೆಗೆದಿಟ್ಟು, ಅದೇ ಎಣ್ಣೆಗೆ ಈರುಳ್ಳಿ, ಟೊಮೆಟೊ ಗಟ್ಟಿರಸ ಹಾಕಿ ಹಸಿವಾಸನೆ ಹೋಗುವ ತನಕ ಕೈಯಾಡಿಸುತ್ತಾರೆ. ನೀರು ಬೀಳುತ್ತದೆ. ಆಮೇಲೆ ಎಲೆಕೋಸು, ಗಜ್ಜರಿ, ಮರಗೆಣಸು, ಬದನೆ, ಕಹಿ ಬದನೆ ಜಖಾತು, ಇವೆಲ್ಲ ದೊಡ್ಡ ದೊಡ್ಡ ಹೋಳಾಗಿ ಇಳಿಯುತ್ತವೆ. ಜೊತೆಗೆ ಒಣಮೀನು ಗೆಜ್, ಹುದುಗಿಸಿ ಒಣಗಿಸಿದ ಸಮುದ್ರ ಬಸವನಹುಳು ಯೆಟ್, ಹುದುಗಿಸಿದ ಕಾಳು ನೆಟೆಟು. ಈ ಮೂರರ ವಾಸನೆ ಹೊಸಬರ ಮೂಗಿಗೆ ಕಟುವಾಗಿಯೇ ಬಡಿಯುತ್ತದೆ. ಅವನ್ನು ಬಿಟ್ಟು ಮಾಡಿದ ಚೆಬು ಜೆನ್ ಬರೀ ಟೊಮೆಟೊ ಅನ್ನವಾಗುತ್ತದೆ ಎಂಬುದು ಬಲ್ಲವರ ಮಾತು.

ತರಕಾರಿ ಬೆಂದ ಮೇಲೆ ಹೊರತೆಗೆದು, ಹಬೆಯಲ್ಲಿ ಅರೆಬೆಂದ ನುಚ್ಚಕ್ಕಿಯನ್ನು ಆ ರಸಕ್ಕೆ ಸುರಿದು, ಸಣ್ಣ ಉರಿಯಲ್ಲಿ ಮುಚ್ಚುತ್ತಾರೆ. ಹುಣಸೆಯ ಹುಳಿಯೂ ಉಂಟು. ಬಿಸ್ಸಾಪ್ ಎಲೆಗಳನ್ನು ಬೇಯಿಸಿ ಹಿಸುಕಿದ ಹುಳಿಗೊಜ್ಜು ಪಕ್ಕಕ್ಕೆ ಬರುತ್ತದೆ. ಬಿಸ್ಸಾಪ್ ಬೇರೆ ಯಾವುದೂ ಅಲ್ಲ, ಬಾಗಲಕೋಟೆ, ವಿಜಯಪುರದವರ ಪುಂಡಿಪಲ್ಯದ ಕುಲದ ಗಿಡ. ಕೊನೆಗೆ ಗಡಿಗೆಯ ತಳ ಹಿಡಿದ ಅನ್ನವನ್ನು ಕೆರೆದು ತೆಗೆಯುತ್ತಾರೆ. ಅದಕ್ಕೆ ಖೋಞ್ ಎಂಬ ಪ್ರತ್ಯೇಕ ಹೆಸರೇ ಇದೆ, ಅದಕ್ಕಾಗಿ ಮಕ್ಕಳ ಜಗಳವೂ ಇದೆ.

ಉಣ್ಣುವ ರೀತಿ ಅಡುಗೆಯಷ್ಟೇ ಮುಖ್ಯ. ಒಂದೇ ಅಗಲ ಬೋಗುಣಿಯಲ್ಲಿ ಅನ್ನ ಹರಡಿ, ನಡುವೆ ಮೀನು ತರಕಾರಿ ಒಟ್ಟಿ, ಚಾಪೆಯ ಮೇಲೆ ಎಲ್ಲರೂ ಸುತ್ತ ಕೂರುತ್ತಾರೆ. ತನ್ನ ಎದುರಿನ ಭಾಗದಿಂದಲೇ ತಿನ್ನಬೇಕು, ಬೇರೆಯವರ ಕಡೆ ಕೈ ಚಾಚುವಂತಿಲ್ಲ. ಮನೆಯಾಕೆ ಮೀನನ್ನು ಮುರಿದು ಮುರಿದು ಎಲ್ಲರ ಮುಂದಕ್ಕೆ ತಳ್ಳುತ್ತಾಳೆ. ಅತಿಥಿಯ ಮುಂದೆ ಒಳ್ಳೆಯ ತುಂಡು ಬೀಳುತ್ತದೆ. ಈ ಆದರಕ್ಕೆ ವೊಲೊಫ್‌ನಲ್ಲಿ ತೆರಾಂಗ ಎನ್ನುತ್ತಾರೆ, ಸೆನೆಗಲ್ ತನ್ನನ್ನು ಲೋಕಕ್ಕೆ ಪರಿಚಯಿಸಿಕೊಳ್ಳುವುದೂ ಆ ಮಾತಿನಿಂದಲೇ.

ಈ ಅಡುಗೆಗೆ ಒಬ್ಬಳು ಒಡತಿಯೂ ಇದ್ದಾಳೆ. 19ನೆಯ ಶತಮಾನದ ಸೇಂಟ್ ಲೂಯಿಯಲ್ಲಿದ್ದ ಪೆಂಡಾ ಎಂಬಾಯ್ ಎಂಬ ಅಡುಗೆಯಾಕೆ ಇದನ್ನು ಕಂಡುಹಿಡಿದಳು ಎಂಬುದು ಪ್ರತೀತಿ. ಟೊಮೆಟೊ ಹಾಕಿದ ಕೆಂಪು ಬಗೆಯನ್ನು ಇಂದಿಗೂ ‘ಚೆಬು ಜೆನ್ ಪೆಂಡಾ ಎಂಬಾಯ್’ ಎಂದೇ ಕರೆಯುತ್ತಾರೆ. ಟೊಮೆಟೊ ಇಲ್ಲದ ಬಿಳಿಯದು ಚೆಬು ಜೆನ್ ಬು ವೆಖ್. ಕಥೆಯಲ್ಲಿ ಎಷ್ಟು ನಿಜ, ಎಷ್ಟು ಬೆಳೆದದ್ದು ಎಂಬ ಪ್ರಶ್ನೆಗಿಂತ ಇನ್ನೊಂದು ಸಂಗತಿ ದೊಡ್ಡದು. ಅಡುಗೆಯವಳ ಹೆಸರನ್ನು ಅಡುಗೆಯ ಜೊತೆಗೆ ಒಂದು ಊರು ಇಷ್ಟು ಕಾಲ ನಡೆಸಿಕೊಂಡು ಬಂದಿದೆ. ನಮ್ಮ ಬಿಸಿಬೇಳೆ ಬಾತಿಗೆ, ಮದ್ದೂರು ವಡೆಗೆ ಊರಿದೆ, ಅರಮನೆಯಿದೆ. ಹೆಣ್ಣಿನ ಹೆಸರು ಎಲ್ಲಿದೆ? 2021ರ ಡಿಸೆಂಬರಿನಲ್ಲಿ ಯುನೆಸ್ಕೊ ಚೆಬು ಜೆನ್ ಅನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಗಿರಣಿಯ ಉಳಿಕೆಗೆ ಅಲ್ಲಿಯವರೆಗೆ ಬರಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

ನೈಜೀರಿಯಾಕ್ಕೆ ಬಂದರೆ ಮೀನು ಹಿಂದೆ ಸರಿಯುತ್ತದೆ, ಅಕ್ಕಿಯೂ ಬದಲಾಗುತ್ತದೆ. ಅಲ್ಲಿ ಬೇಕಾದದ್ದು ಉದ್ದಕಾಳಿನ ಕುಚ್ಚಲಕ್ಕಿ. ಭತ್ತವನ್ನು ಬೇಯಿಸಿ ಒಣಗಿಸಿ ಮಿಲ್ ಮಾಡಿದ ಅಕ್ಕಿ ಎಂದರೆ ಮಂಗಳೂರು, ಉಡುಪಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕರಾವಳಿಯವರು ಅದನ್ನು ಗಂಜಿಗೆ ಮೆಚ್ಚಿದರೆ ನೈಜೀರಿಯಾದವರು ಮೆಚ್ಚುವುದು ಬೇರೆ ಕಾರಣಕ್ಕೆ: ಗಟ್ಟಿ ರಸದಲ್ಲಿ ಬಹಳ ಹೊತ್ತು ಕುದಿದರೂ ಅದು ಮುದ್ದೆಯಾಗದೆ ಕಾಳುಕಾಳಾಗಿ ನಿಲ್ಲುತ್ತದೆ. ನೂರಾರು ಜನರ ಅಡುಗೆಗೆ ಇದು ದೊಡ್ಡ ವರ. ಟೊಮೆಟೊ, ಈರುಳ್ಳಿ, ತತಾಶೆ ಎಂಬ ದೊಡ್ಡ ಕೆಂಪು ಮೆಣಸು, ಅತಾ ರೊಡೊ ಎಂಬ ಗುಂಡನೆಯ ಖಾರದ ಮೆಣಸು ಇವನ್ನು ರುಬ್ಬಿ, ಎಣ್ಣೆ ಬಿಡುವ ತನಕ ಹುರಿದರೆ ಬುನಾದಿ ಸಿದ್ಧ. ಅದಕ್ಕೆ ಥೈಮ್ ಎಲೆ, ಪಲಾವ್ ಎಲೆ, ಮ್ಯಾಗಿ ಕ್ಯೂಬು ಮತ್ತು ಕರಿ ಪೌಡರು. ಈ ಕರಿ ಪೌಡರು ಇಂಡಿಯಾದ ಹೆಸರು ಹೊತ್ತು ಬ್ರಿಟಿಷರ ಡಬ್ಬಿಗಳಲ್ಲಿ ಕೂತು ನೈಜೀರಿಯಾ ತಲುಪಿದ ಪುಡಿ. ನಮ್ಮ ಮನೆಗಳಲ್ಲಿ ಅಪರೂಪವಾದ ಆ ಪುಡಿ ಲಾಗೋಸಿನ ಅಡುಗೆಮನೆಗಳ ಕಪಾಟಿನಲ್ಲಿ ಸಾಮಾನ್ಯ.

ಹಿಂದೆ ನೈಜೀರಿಯಾದ ಬಹಳ ಮನೆಗಳಲ್ಲಿ ಅನ್ನ ಭಾನುವಾರದ್ದು, ಕ್ರಿಸ್ಮಸ್ಸಿನದ್ದು. 1970ರ ದಶಕದಲ್ಲಿ ಪೆಟ್ರೋಲಿಯಂ ಹಣ ಹರಿದಾಗ ಹಡಗುಗಳಲ್ಲಿ ಕುಚ್ಚಲಕ್ಕಿ ಬಂತು, ಅನ್ನ ದಿನದ್ದಾಯಿತು. ಆದರೂ ಜೊಲೊಫ್ ಹಬ್ಬದ ಮಾನವನ್ನು ಬಿಟ್ಟುಕೊಟ್ಟಿಲ್ಲ. ಯೊರುಬಾ ಜನರ ಮದುವೆ, ನಾಮಕರಣ, ಹಿರಿಯರ ಅಂತ್ಯಕ್ರಿಯೆಯ ಊಟ, ಇಂಥ ದೊಡ್ಡ ಕೂಟಗಳಿಗೆ ಒವಾಂಬೆ ಎನ್ನುತ್ತಾರೆ. ಬಂಧುಗಳೆಲ್ಲ ಒಂದೇ ಬಟ್ಟೆಯ ಉಡುಪು ಹೊಲಿಸಿಕೊಂಡು ಬರುತ್ತಾರೆ. ಹಿತ್ತಲಿನಲ್ಲಿ ಕಟ್ಟಿಗೆ ಒಲೆಯ ಮೇಲೆ ಕೊಪ್ಪರಿಗೆ ಏರಿರುತ್ತದೆ. ದೋಣಿಯ ಹುಟ್ಟಿನಷ್ಟು ಉದ್ದದ ಮರದ ಸೌಟು ಹಿಡಿದು ಹೆಂಗಸರು ತಿರುವುತ್ತಾರೆ. ತಳ ಸ್ವಲ್ಪ ಸೀಯುತ್ತದೆ, ಹೊಗೆ ಅನ್ನದೊಳಗೆ ಇಳಿಯುತ್ತದೆ. ‘ಪಾರ್ಟಿ ಜೊಲೊಫ್’ ಎಂದರೆ ಆ ಹೊಗೆಯೇ. ಮನೆಯ ಗ್ಯಾಸಿನ ಮೇಲೆ ಮಾಡುವವರು ಆ ರುಚಿಗಾಗಿ ಕಡೆಯಲ್ಲಿ ಬೇಕೆಂದೇ ಉರಿ ಹೆಚ್ಚಿಸಿ ತಳ ಸೀಯಿಸುತ್ತಾರೆ. ಕರಿದ ಮಾಗಿದ ಬಾಳೆ ‘ದೊದೊ’, ಅಲಸಂದೆ ರುಬ್ಬಿ ಹಬೆಯಲ್ಲಿ ಬೇಯಿಸಿದ ‘ಮೊಯಿನ್ ಮೊಯಿನ್’, ಕೋಳಿ ತುಂಡು ಜೊತೆಗೆ ಬೀಳುತ್ತವೆ.

ಒಂದೇ ದೇಶದೊಳಗೂ ಇದು ಒಂದೇ ಅಲ್ಲ. ಆಗ್ನೇಯದ ಇಬಿಬಿಯೊ, ಎಫಿಕ್ ಜನರ ಇವುಕ್ ಎದೆಸಿ ತಾಳೆಣ್ಣೆಯದು. ಒಣಮೀನು, ಒಣ ಸೀಗಡಿ, ಸೊಪ್ಪು ಹಾಕಿ ಮಾಡುವ ಅದನ್ನು ಪೇಟೆಯವರು ‘ನೇಟಿವ್ ಜೊಲೊಫ್’ ಎನ್ನುತ್ತಾರೆ. ಟೊಮೆಟೊದ ಆಡಳಿತವಿಲ್ಲದ ಆ ಅನ್ನ ಪೇಟೆಯ ಜೊಲೊಫಿಗಿಂತ ಹಳೆಯ ರುಚಿಯನ್ನು ಉಳಿಸಿಕೊಂಡಿದೆ. ತೆಂಗಿನಹಾಲಿನಲ್ಲಿ ಬೇಯಿಸುವ ಬಗೆಯೂ ಉಂಟು.

ಘಾನಾದವರು ಪರಿಮಳದ ಅಕ್ಕಿ ಬಿಟ್ಟು ಬೇರೆ ಮುಟ್ಟರು. ಜಾಸ್ಮಿನ್ ಅಥವಾ ಬಾಸುಮತಿ ಅವರ ಆಯ್ಕೆ. ಶುಂಠಿ ಬೆಳ್ಳುಳ್ಳಿ ಮುಂದಾದ ಮಾಂಸದ ಗೊಜ್ಜು ಮೊದಲು ಪೂರ್ತಿ ಸಿದ್ಧವಾಗಬೇಕು, ಅದರ ರಸದಲ್ಲೇ ಅಕ್ಕಿ ಅರಳಬೇಕು. ಪಕ್ಕದಲ್ಲಿ ಶಿಟೊ ಇರಲೇಬೇಕು. ಒಣಮೀನು, ಒಣಸೀಗಡಿ, ಮೆಣಸಿನಕಾಯಿಗಳನ್ನು ಎಣ್ಣೆಯಲ್ಲಿ ಕಪ್ಪಗೆ ಹುರಿದ ಚಟ್ನಿ ಅದು. ಲೈಬೀರಿಯಾದಲ್ಲಿ ಒಂದೇ ಕೊಪ್ಪರಿಗೆಗೆ ಎರಡು ಮೂರು ಬಗೆಯ ಮಾಂಸ, ಸೀಗಡಿ ಕೂಡ ಬೀಳುತ್ತವೆ.

ನೈಜೀರಿಯಾ, ಘಾನಾಗಳ ನಡುವಿನ ‘ಜೊಲೊಫ್ ಕದನ’ ಈಗ ಲೋಕಪ್ರಸಿದ್ಧ. ಘಾನಾದ ಗಾಯಕಿ ಸಿಸ್ಟರ್ ಡೆಬೊರಾ 2016ರಲ್ಲಿ ‘ಘಾನಾ ಜೊಲೊಫ್’ ಎಂಬ ಹಾಡನ್ನೇ ಮಾಡಿದರು. ಇಂಗ್ಲೆಂಡಿನ ಅಡುಗೆ ಬರಹಗಾರ ಜೇಮಿ ಆಲಿವರ್ 2014ರಲ್ಲಿ ದಂಟಿನ ಸಮೇತ ಚೆರ್ರಿ ಟೊಮೆಟೊ, ನಿಂಬೆ, ಪಾರ್ಸ್ಲಿ ಇಟ್ಟು ಜೊಲೊಫ್ ಬರೆದಾಗ ಜಗಳವಾಡುತ್ತಿದ್ದ ಎಲ್ಲ ದೇಶಗಳೂ ಒಟ್ಟಾಗಿ ಅವರ ಮೇಲೆ ಬಿದ್ದವು. ಪಲಾವಿಗೆ ಯಾರಾದರೂ ಹೊರಗಿನವರು ಜಾಮ್ ಹಾಕಿದರೆ ನಮ್ಮವರು ಸುಮ್ಮನಿರುತ್ತಾರೆಯೆ? ಆ ಸಿಟ್ಟನ್ನು ಸಣ್ಣತನವೆನ್ನಲು ಆಗುವುದಿಲ್ಲ. ಆಫ್ರಿಕದ ಅಡುಗೆಗಳಿಗೆ ಪುಸ್ತಕಗಳಲ್ಲಿ, ಟಿವಿಗಳಲ್ಲಿ ಬಹುಕಾಲ ಜಾಗವೇ ಇರಲಿಲ್ಲ. ಸಿಕ್ಕ ಒಂದು ಜಾಗದಲ್ಲೂ ಬೇರೇನೋ ಬಂದು ಕೂತರೆ ನೋವಾಗುವುದು ಸಹಜ. 2025ರ ಸೆಪ್ಟೆಂಬರಿನಲ್ಲಿ ಲಾಗೋಸಿನ ಹಿಲ್ಡಾ ಬಾಸಿ ಎಂಬ ಯುವತಿ ಒಂದೇ ಕೊಪ್ಪರಿಗೆಯಲ್ಲಿ 8,780 ಕಿಲೋ ಜೊಲೊಫ್ ಮಾಡಿ ಗಿನ್ನೆಸ್ ದಾಖಲೆ ಬರೆದರು. ನೋಡಲು ಸಾವಿರಾರು ಜನ ನೆರೆದಿದ್ದರು.

ಇದೇ ಅನ್ನಕ್ಕೆ ಕಡಲಾಚೆ ಒಬ್ಬ ನೊಂದ ತಂಗಿಯಿದ್ದಾಳೆ. 18ನೆಯ ಶತಮಾನದಲ್ಲಿ ಅಮೆರಿಕದ ಸೌತ್ ಕೆರೊಲೈನಾದ ಜಮೀನುದಾರರು ಭತ್ತ ಬೆಳೆಯಲು ಬಲ್ಲ ಗುಲಾಮರನ್ನು ಬಯಸಿ ಸೆನೆಗಾಂಬಿಯಾ, ಸಿಯೆರಾ ಲಿಯೋನ್ ಕಡೆಯಿಂದ ತರಿಸಿಕೊಂಡರು. ಬದು ಕಟ್ಟುವುದು, ನೀರು ಹಾಯಿಸುವುದು, ಒನಕೆಯಲ್ಲಿ ಕುಟ್ಟುವುದು ಎಲ್ಲ ಆ ಜನರಿಗೆ ತಮ್ಮ ನಾಡಿನಿಂದಲೇ ಗೊತ್ತಿತ್ತು ಎಂದು ಜುಡಿತ್ ಕಾರ್ನಿ 2001ರ ತಮ್ಮ ‘ಬ್ಲ್ಯಾಕ್ ರೈಸ್’ ಗ್ರಂಥದಲ್ಲಿ ವಾದಿಸಿದ್ದಾರೆ. ಅವರ ಸಂತತಿಯವರಾದ ಗಲ್ಲಾ ಗೀಚಿ ಜನ ಚಾರ್ಲ್‌ಸ್ಟನ್ ಸುತ್ತ ಇಂದಿಗೂ ಮಾಡುವ ‘ರೆಡ್ ರೈಸ್’ ಟೊಮೆಟೊದಲ್ಲಿ ಬೆಂದ ಅನ್ನವೇ. ಸಂಕೋಲೆಯಲ್ಲಿ ಹೋದವರ ಕೈಯಲ್ಲಿ ಬೇರೆ ಏನೂ ಇರಲಿಲ್ಲ, ಅಡುಗೆಯ ನೆನಪಿತ್ತು.

ರುಚಿಯ ಮಾತು ಇಷ್ಟಾಯಿತು. ಬೆಲೆಯ ಮಾತು ಆಡದೆ ಅನ್ನದ ಮಾತು ಮುಗಿಯುವುದಿಲ್ಲ.

ಲೈಬೀರಿಯಾದಲ್ಲಿ 1979ರಲ್ಲಿ ನೂರು ಪೌಂಡ್ ಅಕ್ಕಿ ಮೂಟೆಯ ಬೆಲೆಯನ್ನು 22 ಡಾಲರಿನಿಂದ 26ಕ್ಕೆ ಏರಿಸುವ ಯೋಚನೆ ಹೊರಬಿತ್ತು. ಏಪ್ರಿಲ್ 14ರಂದು ಮನ್ರೋವಿಯಾದ ಬೀದಿಗಳಲ್ಲಿ ಗುಂಡು ಹಾರಿ ಹತ್ತಾರು ಜನ ಸತ್ತರು. ಮರುವರ್ಷ ಅದೇ ಏಪ್ರಿಲ್‌ನಲ್ಲಿ ಸೈನಿಕರು ಅಧ್ಯಕ್ಷರನ್ನು ಕೊಂದು ಅಧಿಕಾರ ಹಿಡಿದರು. 2008ರಲ್ಲಿ ಲೋಕದ ಅಕ್ಕಿ ಬೆಲೆ ಗಗನಕ್ಕೇರಿದಾಗ ಡಕಾರ್‌ನಲ್ಲೂ ಜನ ಬೀದಿಗಿಳಿದರು. ನೈಜೀರಿಯಾ 2019ರ ಆಗಸ್ಟಿನಲ್ಲಿ ಅಕ್ಕಿಯ ಕಳ್ಳಸಾಗಣೆ ತಡೆಯಲೆಂದು ತನ್ನ ಭೂಗಡಿಗಳನ್ನೇ ಮುಚ್ಚಿತು, 2020ರ ಡಿಸೆಂಬರಿನವರೆಗೆ ತೆರೆಯಲಿಲ್ಲ. ಪಕ್ಕದ ಪುಟ್ಟ ಬೆನಿನ್ ದೇಶ ಭಾರತದ ಅಕ್ಕಿಯ ದೊಡ್ಡ ಗಿರಾಕಿ. ಅಲ್ಲಿ ಇಳಿದ ಮೂಟೆಗಳಲ್ಲಿ ಬಹಳಷ್ಟು ಗಡಿ ದಾಟಿ ನೈಜೀರಿಯಾ ಸೇರುತ್ತಿದ್ದವು.

ಟೊಮೆಟೊ ಕೂಡ ಹೀಗೆಯೇ ಕೈಕೊಡುತ್ತದೆ. 2016ರ ಮೇ ತಿಂಗಳಲ್ಲಿ ಟ್ಯೂಟಾ ಅಬ್ಸೊಲ್ಯೂಟಾ ಎಂಬ ಕೀಟ ಉತ್ತರ ನೈಜೀರಿಯಾದ ಕಡೂನಾ ರಾಜ್ಯದ ಹೊಲಗಳನ್ನು ತಿಂದು ಹಾಕಿದ್ದರಿಂದ ಆ ರಾಜ್ಯದ ಸರ್ಕಾರ ಟೊಮೆಟೊಗಾಗಿ ತುರ್ತುಪರಿಸ್ಥಿತಿ ಸಾರಬೇಕಾಯಿತು. ಜನ ಅದನ್ನು ‘ಟೊಮೆಟೊ ಎಬೋಲಾ’ ಎಂದರು. ಅದೇ ಕೀಟ 2014ರಲ್ಲೇ ಭಾರತಕ್ಕೂ ಬಂದಿತ್ತು, ನಮ್ಮ ಟೊಮೆಟೊ ಬೆಳೆಗಾರರಿಗೆ ಅದರ ಹಾವಳಿ ಹೊಸದಲ್ಲ. ಲಾಗೋಸಿನ ಎಸ್‌ಬಿಎಂ ಇಂಟೆಲಿಜೆನ್ಸ್ ಎಂಬ ಸಂಸ್ಥೆ ‘ಜೊಲೊಫ್ ಸೂಚ್ಯಂಕ’ ಎಂಬ ಲೆಕ್ಕ ಇಟ್ಟಿದೆ. ಐದು ಜನರ ಕುಟುಂಬಕ್ಕೆ ಒಂದು ಗಡಿಗೆ ಜೊಲೊಫ್ ಮಾಡಲು ಅಕ್ಕಿ, ಎಣ್ಣೆ, ಟೊಮೆಟೊ, ಮಾಂಸ, ಈರುಳ್ಳಿ, ಉಪ್ಪು ಸೇರಿ ಎಷ್ಟು ಬೀಳುತ್ತದೆ ಎಂದು ದೇಶದ ಬೇರೆ ಬೇರೆ ಮಾರುಕಟ್ಟೆಗಳಲ್ಲಿ ಕೇಳಿ ಬರೆಯುತ್ತಾರೆ. ಹಣದುಬ್ಬರದ ಬಗ್ಗೆ ಸಾಮಾನ್ಯ ಜನರಿಗೆ ಇದಕ್ಕಿಂತ ನೇರವಾಗಿ ಹೇಳುವ ದಾರಿ ಇನ್ನೊಂದಿಲ್ಲ. ಇಂಥದ್ದೊಂದು ಲೆಕ್ಕ ನಮ್ಮ ಮುದ್ದೆ ಸಾರಿಗೂ, ರೊಟ್ಟಿ ಪಲ್ಯಕ್ಕೂ ಬೇಕು.

ಈಗ ನುಚ್ಚಕ್ಕಿಗೆ ಮರಳಬೇಕು, ಏಕೆಂದರೆ ಇಲ್ಲಿ ನಮ್ಮ ದೇಶದ ಕೈಯೂ ಇದೆ. ಸೈಗಾನಿನ ಕಾಲ ಹೋದ ಮೇಲೆ ಸೆನೆಗಲ್‌ಗೆ ನುಚ್ಚಕ್ಕಿ ಕೊಡುವವರಲ್ಲಿ ಥಾಯ್ಲೆಂಡ್, ಭಾರತಗಳು ಮುಂದೆ ಬಂದವು. ಲೋಕದ ಅಕ್ಕಿ ವ್ಯಾಪಾರದಲ್ಲಿ ಸುಮಾರು ಶೇ 40ರಷ್ಟು ಭಾರತದ್ದು. ಆಂಧ್ರದ ಕಾಕಿನಾಡ ಬಂದರಿನಿಂದ ಪಶ್ಚಿಮ ಆಫ್ರಿಕಕ್ಕೆ ಹಡಗುಗಟ್ಟಲೆ ಅಕ್ಕಿ ಹೋಗುತ್ತದೆ. 2022ರ ಮುಂಗಾರು ಕೆಲವು ರಾಜ್ಯಗಳಲ್ಲಿ ಕೈಕೊಟ್ಟಿತು. ಇಲ್ಲಿ ಕೋಳಿ ಆಹಾರಕ್ಕೂ ಎಥನಾಲಿಗೂ ನುಚ್ಚು ಬೇಕಿತ್ತು, ಕಿಲೋಗೆ 16 ರೂಪಾಯಿ ಇದ್ದದ್ದು 22ಕ್ಕೆ ಏರಿತ್ತು. ಸೆಪ್ಟೆಂಬರ್ 8ರಂದು ಕೇಂದ್ರ ಸರ್ಕಾರ ನುಚ್ಚಕ್ಕಿಯ ರಫ್ತು ನಿಷೇಧಿಸಿತು. ಮರುದಿನವೇ ಜಾರಿ. ಆಗಲೇ ತುಂಬುತ್ತಿದ್ದ ಹಡಗುಗಳಿಗೆ ಮಾತ್ರ ಸ್ವಲ್ಪ ದಿನಗಳ ವಿನಾಯಿತಿ ಸಿಕ್ಕಿತು. 2023ರ ಜುಲೈನಲ್ಲಿ ಬಾಸುಮತಿಯಲ್ಲದ ಬೆಳ್ತಿಗೆ ಅಕ್ಕಿಗೂ ಬಾಗಿಲು ಹಾಕಿತು, ಆಗಸ್ಟಿನಲ್ಲಿ ಕುಚ್ಚಲಕ್ಕಿಗೆ ಶೇ 20 ಸುಂಕ ಬಿತ್ತು. ಸರ್ಕಾರದಿಂದ ಸರ್ಕಾರಕ್ಕೆ ಕೋರಿಕೆ ಬಂದ ಮೇಲೆ ಸೆನೆಗಲ್, ಗ್ಯಾಂಬಿಯಾಗಳಿಗೆ ಒಂದಿಷ್ಟು ನುಚ್ಚಕ್ಕಿ ಬಿಡುಗಡೆಯಾಯಿತು. ನುಚ್ಚಕ್ಕಿಯ ನಿಷೇಧ ಪೂರ್ತಿ ತೆರವಾದದ್ದು 2025ರ ಮಾರ್ಚ್‌ನಲ್ಲಿ.

ನಮ್ಮ ಜನರ ಹೊಟ್ಟೆ ಮೊದಲು ಎಂಬ ಮಾತಿಗೆ ಯಾರೂ ಎದುರಾಡುವಂತಿಲ್ಲ. ಆದರೆ ಇಲ್ಲಿ ಕೋಳಿಯ ಮೇವಾದ ವಸ್ತು ಅಲ್ಲಿ ಮಧ್ಯಾಹ್ನದ ಊಟ. ದೆಹಲಿಯ ಅಧಿಸೂಚನೆಯಲ್ಲಿ ಅದು ನುಚ್ಚು, ಡಕಾರ್‌ನ ಬೋಗುಣಿಯ ಸುತ್ತ ಕೂತವರಿಗೆ ಅದೇ ಅನ್ನ. ಸೆನೆಗಲ್ ತನ್ನ ನದಿ ಬಯಲಿನಲ್ಲಿ ಭತ್ತ ಹೆಚ್ಚಿಸಲು 1980ರ ದಶಕದಲ್ಲಿ ದಿಯಾಮಾ, ಮನಂತಾಲಿ ಅಣೆಕಟ್ಟುಗಳು ಎದ್ದ ಕಾಲದಿಂದ ದುಡಿಯುತ್ತಿದೆ. ಆಫ್ರಿಕದ ಮತ್ತು ಏಷ್ಯಾದ ಭತ್ತಗಳನ್ನು ಕೂಡಿಸಿ ನೆರಿಕಾ ತಳಿಗಳನ್ನು ಕಟ್ಟಿದ ಸಿಯೆರಾ ಲಿಯೋನ್‌ನ ವಿಜ್ಞಾನಿ ಮಾಂಟಿ ಜೋನ್ಸ್ ಅವರಿಗೆ 2004ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ಆ ಕೆಲಸ ಫಲ ಕೊಡುತ್ತಿದೆ, ಆದರೆ ಸೆನೆಗಲ್‌ನ ಗಡಿಗೆ ತುಂಬಲು ಇನ್ನೂ ಹಡಗು ಬರಲೇಬೇಕು.

ಈ ವೇದಿಕೆಯಿಂದ ಅಕ್ಕಿಯ ನೀತಿ ಬರೆಯುವವರಿಗೆ ಒಂದೇ ಬೇಡಿಕೆ. ಮಳೆ ಕೈಕೊಡುವ ವರ್ಷ ಮತ್ತೆ ಬರುತ್ತದೆ, ಬಾಗಿಲು ಹಾಕಬೇಕಾದ ದಿನವೂ ಬರಬಹುದು. ಹಾಗೆ ಹಾಕುವಾಗ ಕೋಳಿ ಮೇವಿಗೆ ಹೋಗುವ ನುಚ್ಚನ್ನೂ ಊಟಕ್ಕೆ ಹೋಗುವ ನುಚ್ಚನ್ನೂ ಬೇರೆ ಬೇರೆಯಾಗಿ ನೋಡಿ. ಊಟಕ್ಕೆಂದು ಕೊಳ್ಳುವ ನಾಡುಗಳಿಗೆ, ಒಂದು ರಾತ್ರಿಯ ಬದಲು ಒಂದು ಸುಗ್ಗಿಯಷ್ಟು ಮುಂಚೆ ತಿಳಿಸಿ.